ಹೊಲಿದ ತುಟಿ, ಉಳಿದ ಮೂಗು

“ತುಟಿ ಹೊಲಿಸೇವ್ರಿ. ಉಣ್ತಾನ, ಮಾತಾಡ್ತಾನ. ಮೂಗಿಂದೇನು, ಅದು ಚೆಂದದ ಮಾತು. ಮದುವಿ ಹೊತ್ತಿಗೆ ನೋಡಿದ್ರಾತು.” ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸೀಳುತುಟಿಯ ಮಗುವನ್ನು ಸಾಕುತ್ತಿರುವ ಮನೆಗಳಲ್ಲಿ ಕೇಳಿಬರುವ ಮಾತಿದು. ಇದನ್ನು ಅಜ್ಞಾನವೆಂದು ತಳ್ಳಿಹಾಕುವ ಮೊದಲು ಇದರ ಹಿಂದಿನ ಲೆಕ್ಕವನ್ನು ನೋಡಬೇಕು. ಈ ಐದು ತಾಲ್ಲೂಕುಗಳವರಿಗೆ ಇಂಥ ಶಸ್ತ್ರಚಿಕಿತ್ಸೆ ಎಂದರೆ ಬಳ್ಳಾರಿಗೋ, ದಾವಣಗೆರೆಗೋ, ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೋ, ಬೆಂಗಳೂರಿಗೋ ಹೋಗಬೇಕು. ಆಪರೇಷನ್ ಉಚಿತವಾದರೂ ಬಸ್ ಚಾರ್ಜು, ಜೊತೆಗೆ ನಿಲ್ಲುವವರ ಕೂಲಿ, ಮನೆಯಲ್ಲಿ ಬಿಟ್ಟುಬಂದ ಉಳಿದ ಮಕ್ಕಳು, ಕುರಿ, ಎಮ್ಮೆ ಇವು ಯಾವುವೂ ಉಚಿತವಲ್ಲ. ತುಟಿ ಕೂಡಿದ ದಿನ ಕಣ್ಣೆದುರೇ ಬದಲಾವಣೆ ಆಗಿರುತ್ತದೆ. ಸೆರಗು ಮುಚ್ಚಿಕೊಂಡು ಮಗುವನ್ನು ಎತ್ತಿಕೊಂಡು ಹೋಗಿದ್ದವಳು ಸೆರಗು ಸರಿಸಿ ವಾಪಸು ಬರುತ್ತಾಳೆ. ಉಳಿದಿರುವ ಸೊಟ್ಟಮೂಗು ನೋಯುವುದಿಲ್ಲ, ರಕ್ತ ಬರುವುದಿಲ್ಲ, ಜ್ವರ ತರುವುದಿಲ್ಲ. ಇರುವ ಅಷ್ಟಿಷ್ಟು ಹಣವನ್ನೂ ದಿನಗಳನ್ನೂ ಅದಕ್ಕೆ ಸುರಿಯದಿರುವುದು ಬಡವರ ಮನೆಯ ವಿವೇಕವೇ. ಓದಿದವರು ಇದೇ ವಿಚಾರವನ್ನು ‘ಕಾಸ್ಮೆಟಿಕ್’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ನನ್ನ ತಕರಾರು ಹೆಚ್ಚಾಗಿ ಈ ಎರಡನೆಯವರ ಜೊತೆಗೆ.

ಬಿಡಿಸಿ ನೋಡಿದರೆ ಆ ಮಾತಿನೊಳಗೆ ಮೂರು ನಂಬಿಕೆಗಳು ಗಂಟು ಬಿದ್ದಿವೆ. 1. ತುಟಿಯದು ಒಂದು ತೊಂದರೆ, ಮೂಗಿನದು ಇನ್ನೊಂದು, ಮೊದಲನೆಯದು ಸರಿಹೋಗಿದೆ. 2. ಎರಡನೆಯದು ರೂಪಕ್ಕೆ ಸಂಬಂಧಿಸಿದ್ದು, ಆರೋಗ್ಯಕ್ಕಲ್ಲ. 3. ರೂಪದ ವಿಷಯವಾದ್ದರಿಂದ ಅದಕ್ಕೆ ವೈದ್ಯಕೀಯವಾಗಿ ಇಂಥದ್ದೇ ಎಂಬ ಹೊತ್ತಿಲ್ಲ. ಮದುವೆಯೇ ಅದರ ಮುಹೂರ್ತ. ಮೂರನೆಯದು ಎರಡನೆಯದರ ಮೇಲೆ ನಿಂತಿದೆ, ಎರಡನೆಯದು ಮೊದಲನೆಯದರ ಮೇಲೆ. ಹಾಗಾಗಿ ಬುಡದಿಂದಲೇ ಶುರುಮಾಡಬೇಕು.

ಬುಡದಲ್ಲಿರುವುದು ಒಂದು ಪದ: ‘ಸೀಳು’. ಹರಿದದ್ದು, ಕೊಯ್ದದ್ದು ಎಂಬ ಅರ್ಥ ಅದರೊಳಗೇ ಇದೆ. ನಮ್ಮ ಕಡೆಯ ಗ್ರಹಣದ ಕಥೆಯೂ ಈ ಪದದ ಜೊತೆಗೇ ಹುಟ್ಟಿದಂತಿದೆ: ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆಮಣೆ ಮುಟ್ಟಿದಳು, ಕಾಯಿಪಲ್ಯ ಹೆಚ್ಚಿದಳು, ಒಳಗಿದ್ದ ಕೂಸಿನ ತುಟಿ ಸೀಳಿತು. ಈ ಕಥೆಯನ್ನು ಕಾಲದ ಲೆಕ್ಕವೇ ಉರುಳಿಸುತ್ತದೆ. ಮೇಲ್ದುಟಿ ಕೂಡುವುದು ಗರ್ಭದ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಖಾತ್ರಿಯಾಗಿರುವುದಿಲ್ಲ. ಗ್ರಹಣದ ದಿನ ಕೋಣೆಯೊಳಗೆ ಕೂರಿಸುವುದು ಹೊಟ್ಟೆ ಕಾಣಿಸುವ ಬಸುರಿಯನ್ನು, ಅಂದರೆ ಕೂಸಿನ ತುಟಿ ಕೂಡಿಯೋ ಕೂಡದೆಯೋ ತಿಂಗಳುಗಳೇ ಕಳೆದಿರುವವಳನ್ನು. ಆದರೆ ನನಗೆ ಇಲ್ಲಿ ಮುಖ್ಯವೆನಿಸುವುದು ಗ್ರಹಣವಲ್ಲ. ಗ್ರಹಣವನ್ನು ನಂಬದವರೂ ಈಳಿಗೆಯನ್ನು ನಂಬಿದ್ದಾರೆ ಎಂಬುದು. ಇದೊಂದು ಕೊಯ್ತ ಎಂದು ಒಪ್ಪಿಕೊಂಡ ಮೇಲೆ ಹೊಲಿಗೆಯೇ ಪೂರ್ತಿ ಮದ್ದು ಎಂದು ತಾನಾಗಿಯೇ ಅನಿಸುತ್ತದೆ. ಹರಿದ ಅಂಗಿ ಹೊಲಿದರೆ ಮುಗಿಯಿತಲ್ಲ! ವಾಸ್ತವದಲ್ಲಿ ಈ ಮಗುವಿನ ತುಟಿಯನ್ನು ಯಾವುದೂ ಸೀಳಿಲ್ಲ. ಕೂಡಬೇಕಾಗಿದ್ದ ಭಾಗಗಳು ಕೂಡಲಿಲ್ಲ, ಅಷ್ಟೆ. ಕೂಡದ ಭಾಗಗಳು ಆಮೇಲಿನ ಏಳೆಂಟು ತಿಂಗಳು ಸುಮ್ಮನಿರುವುದಿಲ್ಲ, ಒಂದೊಂದು ಒಂದೊಂದು ದಿಕ್ಕಿಗೆ ಬೆಳೆಯುತ್ತವೆ. ಹೊಲಿಗೆ ಹಾಕುವ ದಿನ ವೈದ್ಯರ ಎದುರಿಗಿರುವುದು ಹರಿದ ಬಟ್ಟೆಯಲ್ಲ, ಅಳತೆ ತಪ್ಪಿ ನೇಯ್ದ ಬಟ್ಟೆ.

ಆ ಅಳತೆ ತಪ್ಪಿದ ನೇಯ್ಗೆಯೊಳಗೆ ಮೂಗು ಮೊದಲಿನಿಂದಲೂ ಇದೆ. ಭ್ರೂಣದ ಮುಖದಲ್ಲಿ ಮೂಗಿನ ಎರಡು ಒಳಬದಿಯ ಉಬ್ಬುಗಳು ನಡುವೆ ಸೇರಿ ಹೊಳ್ಳೆಗಳ ನಡುವಿನ ಕಂಬವಾಗುತ್ತವೆ, ಅದರ ಕೆಳಗಿನ ತುಟಿಯ ನಡುಭಾಗವೂ ಆಗುತ್ತವೆ. ಎರಡೂ ಪಕ್ಕದಿಂದ ಬರುವ ಮೇಲ್ದವಡೆಯ ಉಬ್ಬುಗಳು ಇವಕ್ಕೆ ಬಂದು ಅಂಟಿದಾಗ ತುಟಿಯೂ ಹೊಳ್ಳೆಯ ತಳವೂ ಒಟ್ಟಿಗೇ ಮುಚ್ಚುತ್ತವೆ. ಒಂದು ಪಕ್ಕದಲ್ಲಿ ಅಂಟದೆ ಹೋದರೆ ತುಟಿಯನ್ನು ಸುತ್ತುವರಿಯಬೇಕಾದ ಸ್ನಾಯುವಿಗೆ ಹಿಡಿಯಲು ಆಚೆಯ ತುದಿ ಸಿಗುವುದಿಲ್ಲ. ಅದರ ಒಂದು ತುಂಡು ಮೂಗಿನ ನಡುಗಂಬವನ್ನು ಒಳ್ಳೆಯ ಬದಿಗೆ ಎಳೆಯುತ್ತದೆ, ಇನ್ನೊಂದು ತುಂಡು ಹೊಳ್ಳೆಯ ಬುಡವನ್ನು ಕೆನ್ನೆಯ ಕಡೆಗೆ ಎಳೆಯುತ್ತದೆ. ಮೂಗಿನ ತುದಿಯನ್ನು ಎತ್ತಿ ಹಿಡಿಯಬೇಕಾದ ಮೃದ್ವಸ್ಥಿ, ಕಿವಿಯಲ್ಲಿರುವಂಥ ಬಾಗುವ ಎಲುಬು, ಆ ಬದಿಯಲ್ಲಿ ಕೆಳಕ್ಕೂ ಹಿಂದಕ್ಕೂ ಜಾರಿ ಕುಸಿಯುತ್ತದೆ. ಅದರಡಿಯ ವಸಡಿನ ಎಲುಬಿನಲ್ಲೇ ಸಂದು ಇರುವುದರಿಂದ ಹೊಳ್ಳೆಗೆ ಕೂರಲು ಗಟ್ಟಿ ನೆಲವೂ ಇರುವುದಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆ ತುಸು ಹಿಂದಕ್ಕೆ ಬಾಗಿಸಿ, ಗದ್ದದ ಕಡೆಯಿಂದ ನೋಡಿದರೆ ಇಷ್ಟೂ ಕಾಣುತ್ತದೆ. ಒಂದು ಹೊಳ್ಳೆ ನಿಲ್ಲಿಸಿಟ್ಟ ಶೇಂಗಾಕಾಳು, ಇನ್ನೊಂದು ಅಡ್ಡ ಮಲಗಿಸಿದ ಶೇಂಗಾಕಾಳು, ನಡುವಿನ ಕಂಬ ಓರೆ. ಎರಡೂ ಬದಿಯ ಸೀಳಿದ್ದರೆ ನಡುಗಂಬವೇ ಮೊಟಕು, ಮೂಗಿನ ತುದಿ ಮೇಲ್ದುಟಿಗೆ ಅಂಟಿದಂತೆ ಚಪ್ಪಟೆ. ಸೀಳು ಸಣ್ಣದಿದ್ದರೆ ಇವೆಲ್ಲ ಸಣ್ಣದಾಗಿರುತ್ತವೆ; ಹೊಳ್ಳೆಯವರೆಗೂ ತೆರೆದ ಪೂರ್ತಿ ಸೀಳಿನಲ್ಲಿ ಮೂಗು ಸರಿಯಿರುವುದೆಂಬುದೇ ಇಲ್ಲ. ಇಲ್ಲಿರುವುದು ಒಂದೇ ಊನ. ಅದರ ಕೆಳಗಿನ ಅರ್ಧವನ್ನು ತುಟಿ ಎನ್ನುತ್ತೇವೆ, ಮೇಲಿನ ಅರ್ಧವನ್ನು ಮೂಗು ಎನ್ನುತ್ತೇವೆ.

ಇದನ್ನು ಒಪ್ಪಿದ ಕೂಡಲೇ ಇನ್ನೊಂದು ತಪ್ಪು ತಿಳಿವಳಿಕೆಗೂ ಉತ್ತರ ಸಿಗುತ್ತದೆ. ಹುಡುಗ ಹತ್ತು ಹನ್ನೆರಡು ವರ್ಷದವನಾಗಿ ಮುಖ ಉದ್ದವಾಗುವಾಗ ಮೂಗಿನ ಓರೆ ಮೊದಲಿಗಿಂತ ಎದ್ದು ಕಾಣುತ್ತದೆ. ಆಗ ಮನೆಯವರು ಹೇಳುವುದು: “ಅವತ್ತು ಹೊಲಿದ ಡಾಕ್ಟ್ರು ಕೆಡಿಸಿದ್ರು.” ಗ್ರಹಣದ ಕಥೆಯಲ್ಲಿ ತಾಯಿ ಕೂತಿದ್ದ ಜಾಗದಲ್ಲಿ ಈಗ ಡಾಕ್ಟರು ಕೂತಿದ್ದಾರೆ. ಕೆಟ್ಟ ಹೊಲಿಗೆ ಇರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸ್ನಾಯುವನ್ನು ಬಿಡಿಸಿ ಕೂಡಿಸದೆ ಬರೀ ಚರ್ಮ ಹೊಲಿದರೆ ಮೂಗಿನ ಎಳೆತ ಹಾಗೆಯೇ ಉಳಿಯುತ್ತದೆ ಎಂಬುದು ನಿಜ. ಆದರೆ ಒಳ್ಳೆಯ ಕೈಯಲ್ಲಿ ಆದ ತುಟಿಯ ಮೇಲೂ ಸೊಟ್ಟಮೂಗು ಉಳಿಯಬಹುದು. ಅದರ ಹಿಂದೆ ಒಂದು ಇತಿಹಾಸವೂ ಇದೆ. ಎಳೆಯ ಮೂಗಿನ ಮೃದ್ವಸ್ಥಿಗೆ ಕೈ ಹಾಕಿದರೆ ಅದರ ಬೆಳವಣಿಗೆ ನಿಂತುಹೋದೀತು ಎಂಬ ಭಯದಿಂದ ಬಹುಕಾಲ ವೈದ್ಯರು ತುಟಿಯನ್ನಷ್ಟೇ ಸರಿಮಾಡಿ ಮೂಗನ್ನು ಬೇಕೆಂದೇ ಬಿಡುತ್ತಿದ್ದರು. ತುಟಿ ಹೊಲಿಯುವಾಗಲೇ ಮೂಗಿನ ತುದಿಯನ್ನೂ ಎತ್ತಿ ಕೂರಿಸುತ್ತಿದ್ದ ಆಸ್ಟ್ರೇಲಿಯದ ಪರ್ತ್‌ನ ಹೆರಾಲ್ಡ್ ಮೆಕೊಂಬ್ ಅಂಥ ಮಕ್ಕಳನ್ನು ಹತ್ತು ವರ್ಷ ಗಮನಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು, 1996ರಲ್ಲಿ ಅವೇ ಮಕ್ಕಳು ಪ್ರಾಯಕ್ಕೆ ಬಂದ ಮೇಲಿನ ಫಲಿತಾಂಶವನ್ನೂ ಪ್ರಕಟಿಸಿದರು. ಭಯಪಟ್ಟಷ್ಟು ಹಾನಿ ಕಾಣಲಿಲ್ಲ. ಇವತ್ತು ಮೂರರಿಂದ ಆರು ತಿಂಗಳ ಮಗುವಿನ ತುಟಿಯ ಜೊತೆಗೇ ಮೂಗಿನ ಮೊದಲ ತಿದ್ದುವಿಕೆ ಮಾಡುವುದು ಹಲವು ಕಡೆ ರೂಢಿಯಾಗಿದೆ. ಅದರಿಂದ ಮುಂದಿನ ಊನ ಕಡಿಮೆಯಾಗುತ್ತದೆ. ಮುಂದೆ ಏನೂ ಬೇಕಾಗುವುದಿಲ್ಲ ಎಂಬ ಗ್ಯಾರಂಟಿ ಯಾರೂ ಕೊಡಲಾರರು. ಮೂವತ್ತು, ನಲವತ್ತು ದಾಟಿದ ಇವತ್ತಿನ ಸೊಟ್ಟಮೂಗಿನವರಲ್ಲಿ ಎಷ್ಟೋ ಜನರ ವೈದ್ಯರು ಆ ಕಾಲದ ನಿಯಮವನ್ನು ಪಾಲಿಸಿದ್ದರು, ಅಷ್ಟೆ.

ಎರಡನೆಯ ನಂಬಿಕೆಗೆ ಬರೋಣ: ಇದು ಬರೀ ಚೆಂದದ ವಿಷಯ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ತಣ್ಣಗಿರುವ ಸ್ಟೀಲ್ ತಟ್ಟೆಯನ್ನು ಹುಡುಗನ ಮೂಗಿನ ಕೆಳಗೆ ಅಡ್ಡ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡಲು ಹೇಳಿ. ತಟ್ಟೆಯ ಮೇಲೆ ಎರಡು ಮಂಜಿನ ಮಚ್ಚೆ ಮೂಡುತ್ತವೆ. ಆರೋಗ್ಯವಂತರ ಮೂಗಿನಲ್ಲೂ ಒಂದು ಹೊಳ್ಳೆ ಕೆಲವು ತಾಸು ಬಿಗಿ, ಇನ್ನೊಂದು ಸಡಿಲ, ಆಮೇಲೆ ಅದಲುಬದಲು. ಆದ್ದರಿಂದ ಒಂದು ಸಲ ನೋಡಿ ತೀರ್ಮಾನಕ್ಕೆ ಬರಬಾರದು. ಆದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ವಾರಗಟ್ಟಲೆ ಒಂದೇ ಕಡೆಯ ಮಚ್ಚೆ ಚಿಕ್ಕದಾಗಿಯೇ ಬಂದರೆ ಆ ಹೊಳ್ಳೆಯ ದಾರಿ ಇಕ್ಕಟ್ಟಾಗಿದೆ ಎಂದರ್ಥ. ಸೀಳಿನ ಮೂಗಿನಲ್ಲಿ ನಡುಗೋಡೆಯ ಮುಂತುದಿ ಒಳ್ಳೆಯ ಬದಿಗೆ ವಾಲಿ, ಅದರ ಹಿಂಭಾಗ ಸೀಳಿನ ಬದಿಗೆ ಉಬ್ಬಿರುತ್ತದೆ. ಹೊರಗೆ ಹೊಳ್ಳೆ ಕುಸಿದಿರುತ್ತದೆ, ಒಳಗೆ ಗೋಡೆ ಉಬ್ಬಿರುತ್ತದೆ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಇಂಥ ಮಕ್ಕಳು ಬಾಯಿಯಿಂದ ಉಸಿರಾಡುತ್ತಾರೆ, ರಾತ್ರಿ ಗೊರಕೆ ಹೊಡೆಯುತ್ತಾರೆ, ಬೆಳಿಗ್ಗೆ ಗಂಟಲು ಒಣಗಿ ಏಳುತ್ತಾರೆ. ಹುಟ್ಟಿದಾಗಿನಿಂದ ಹೀಗೇ ಇರುವವರಿಗೆ ಬೇರೆ ಉಸಿರು ಹೇಗಿರುತ್ತದೆಂದು ಗೊತ್ತಿಲ್ಲದ ಕಾರಣ ಅವರು ದೂರುವುದಿಲ್ಲ. ದೂರಿಲ್ಲದ್ದನ್ನು ತೊಂದರೆಯಿಲ್ಲ ಎಂದು ನಾವು ಓದಿಕೊಳ್ಳುತ್ತೇವೆ.

“ಹಾಗಾದರೆ ಉಸಿರಿನ ಭಾಗವನ್ನಷ್ಟೇ ಸರಿಮಾಡಿ, ಆಕಾರ ಬಿಡಿ” ಎನ್ನಬಹುದು. ಜಾಣ ಆಕ್ಷೇಪ, ಆದರೆ ಮೂಗಿನ ಕಟ್ಟಡ ಅದಕ್ಕೆ ಒಪ್ಪುವುದಿಲ್ಲ. ಗಾಳಿಯ ದಾರಿಗೆ ಗೋಡೆಯಾಗಿರುವುದೂ ಮೂಗಿನ ತುದಿಗೆ ಊರುಗೋಲಾಗಿರುವುದೂ ಅದೇ ನಡುಗೋಡೆ. ಹೊಳ್ಳೆಯನ್ನು ತೆರೆದಿಡುವುದೂ ಅದಕ್ಕೆ ದುಂಡು ಕೊಡುವುದೂ ಅದೇ ಮೃದ್ವಸ್ಥಿ. ಒಂದನ್ನು ನೆಟ್ಟಗೆ ಮಾಡಿದರೆ ಇನ್ನೊಂದು ಅಲುಗಲೇಬೇಕು. ಉಸಿರಿಗೆ ಒಂದು ಬಿಲ್ಲು, ಅಂದಕ್ಕೆ ಒಂದು ಬಿಲ್ಲು ಎಂದು ಬರೆಯುವುದು ಕಾಗದದ ಮೇಲೆ ಮಾತ್ರ ಸಾಧ್ಯ. ಆದರೂ ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನಮ್ಮ ಸರ್ಕಾರದ ಕಾಗದಗಳೇ ಒಂದಕ್ಕೊಂದು ಒಪ್ಪಿಕೊಂಡಿಲ್ಲ. 2017ರ ಜಿಎಸ್‌ಟಿ ಅಧಿಸೂಚನೆ ಆರೋಗ್ಯ ಸೇವೆಗೆ ತೆರಿಗೆ ವಿನಾಯಿತಿ ಕೊಟ್ಟು, ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯನ್ನು ಅದರಿಂದ ಹೊರಗಿಡುತ್ತದೆ; ಆದರೆ ಹುಟ್ಟಿನ ಊನ, ಬೆಳವಣಿಗೆಯ ದೋಷ, ಗಾಯಗಳಿಂದ ಕೆಟ್ಟ ಅಂಗರಚನೆಯನ್ನೋ ಅದರ ಕೆಲಸವನ್ನೋ ಮರಳಿ ಕಟ್ಟುವುದಾದರೆ ಅದು ವಿನಾಯಿತಿಯೊಳಗೇ ಎಂದು ಸ್ಪಷ್ಟವಾಗಿ ಹೇಳುತ್ತದೆ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಏಕರೂಪಗೊಳಿಸಿದ ಪಾಲಿಸಿಯ ಷರತ್ತು ಮಾತ್ರ ರೂಪ ಬದಲಿಸುವ ಚಿಕಿತ್ಸೆಯನ್ನು ಹೊರಗಿಟ್ಟು, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆ ಮತ್ತು ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ತಪ್ಪಿಸುವ ಚಿಕಿತ್ಸೆ ಇಷ್ಟಕ್ಕೇ ಬಾಗಿಲು ತೆರೆಯುತ್ತದೆ. ಹುಟ್ಟಿನ ಊನ ಎಂಬ ಮಾತು ಆ ವಾಕ್ಯದಲ್ಲಿಲ್ಲ. ಒಂದೇ ಮೂಗು ತೆರಿಗೆಯವರ ಕಣ್ಣಿಗೆ ಚಿಕಿತ್ಸೆ, ವಿಮೆಯವರ ಕಣ್ಣಿಗೆ ಶೃಂಗಾರ! ನನ್ನ ಪ್ರಕಾರ ಇಲ್ಲಿ ತೆರಿಗೆ ಬರೆದವರೇ ಸರಿ. ಇದ್ದದ್ದನ್ನು ಇನ್ನಷ್ಟು ಮೆರುಗುಗೊಳಿಸುವುದು ಒಂದು, ಇರಬೇಕಾದದ್ದನ್ನು ಕಟ್ಟಿಕೊಡುವುದು ಇನ್ನೊಂದು.

ಮೂಗನ್ನು ಕಟ್ಟುವ ವಿದ್ಯೆ ಶುರುವಾದದ್ದೇ ಈ ಎರಡನೆಯ ಕೆಲಸಕ್ಕೆ. ಸುಶ್ರುತ ಸಂಹಿತೆಯಲ್ಲಿ ಅದರ ವಿವರಣೆ ಇದೆ. ಯುರೋಪು ಇದಕ್ಕೆ ಕಣ್ಣರಳಿಸಿದ್ದು 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ನಲ್ಲಿ ಬಂದ ಒಂದು ವರದಿಯಿಂದ. ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡದ್ದು, ಆಮೇಲೆ ಪುಣೆಯ ಕಡೆ ಹಣೆಯ ಚರ್ಮವನ್ನು ತಿರುವಿ ಅವನಿಗೆ ಹೊಸ ಮೂಗು ಮಾಡಿದ್ದು ಆ ವರದಿಯ ಸಾರ. ಆ ಎತ್ತಿನವನು ಚೆಂದಕ್ಕಾಗಿ ಮೂಗು ಮಾಡಿಸಿಕೊಂಡ ಎಂದು ಅಂದೂ ಯಾರೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಕತ್ತಿಯಿಂದ ಹೋದ ಮೂಗಿಗೆ ಇರುವ ಹಕ್ಕು ಗರ್ಭದಲ್ಲೇ ಕೂಡದೆ ಹೋದ ಮೂಗಿಗೆ ಯಾಕಿಲ್ಲ ಎಂಬುದಕ್ಕೆ ನನಗೆ ಈವರೆಗೆ ತರ್ಕಬದ್ಧ ಉತ್ತರ ಸಿಕ್ಕಿಲ್ಲ.

ಮೂರನೆಯದು ಮುಹೂರ್ತದ ಪ್ರಶ್ನೆ. ಮದುವೆಯನ್ನು ಗಡಿಯಾರ ಮಾಡಿಕೊಂಡರೆ ಒಂದು ವಿಚಿತ್ರವಾಗುತ್ತದೆ. ಸೀಳುತುಟಿ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲೇ ಹೆಚ್ಚು. ಮೂಗಿನ ಯೋಚನೆ ಮಾತ್ರ ಹೆಣ್ಣು ನೋಡಲು ಬರುವ ಹೊತ್ತಿಗೆ, ಹೆಚ್ಚಾಗಿ ಹೆಣ್ಣಿನ ಬಗ್ಗೆಯೇ ಏಳುತ್ತದೆ. ‘ಗಂಡಸಿಗೇನು ಮೂಗು’ ಎಂದು ಹೆಚ್ಚು ಜನರನ್ನು ಲೆಕ್ಕದಿಂದಲೇ ತೆಗೆದುಬಿಡುತ್ತೇವೆ. ಇನ್ನೊಂದು ಕಡೆ ಅವಸರದವರಿದ್ದಾರೆ: ಶಾಲೆಯಲ್ಲಿ ಅಣಕಿಸುತ್ತಾರೆಂದು ಎಂಟನೆಯ ವರ್ಷಕ್ಕೇ ಪೂರ್ತಿ ಮೂಗು ಸರಿಮಾಡಿಕೊಡಿ ಎನ್ನುವವರು. ಸಂಕಟ ನಿಜ, ತೀರಾ ಕೆಟ್ಟಿದ್ದರೆ ತುದಿಯ ಸಣ್ಣ ತಿದ್ದುವಿಕೆ ಶಾಲೆಗೆ ಸೇರುವ ಹೊತ್ತಿನಲ್ಲೂ ಮಾಡುತ್ತಾರೆ. ಎಲುಬಿಗೆ, ನಡುಗೋಡೆಗೆ ಕೈ ಹಾಕುವ ಪೂರ್ಣ ಆಪರೇಷನ್ ಮಾತ್ರ ಮುಖದ ಬೆಳವಣಿಗೆ ಮುಗಿದ ಮೇಲೆ: ಹುಡುಗಿಯರಿಗೆ ಸುಮಾರು 14ರಿಂದ 16, ಹುಡುಗರಿಗೆ 16ರಿಂದ 18. ಅದಕ್ಕೂ ಮುಂಚೆ ತಳಪಾಯದ ಕೆಲಸವಿದೆ. ಮೂಗಿನ ತುದಿ ಮೂರು ಕಾಲಿನ ಮಣೆಯಿದ್ದಂತೆ: ನಡುಗಂಬ ಒಂದು ಕಾಲು, ಎರಡು ಪಕ್ಕದ ಮೃದ್ವಸ್ಥಿಗಳು ಇನ್ನೆರಡು. ಒಂದು ಕಾಲು ತಗ್ಗಿನಲ್ಲಿದ್ದರೆ ಮಣೆಯನ್ನು ಎಷ್ಟು ಕೆತ್ತಿದರೂ ವಾಲುತ್ತದೆ. ಮೊದಲು ತಗ್ಗು ತುಂಬಬೇಕು. ವಸಡಿನ ಸಂದಿಗೆ ಸೊಂಟದ ಎಲುಬಿನಿಂದ ತೆಗೆದ ಪುಡಿ ಎಲುಬನ್ನು ತುಂಬುವುದು 8ರಿಂದ 11ನೆಯ ವರ್ಷದೊಳಗೆ, ಕೋರೆಹಲ್ಲು ಇಳಿಯುವ ಮೊದಲು. ಮೇಲ್ದವಡೆ ಹಿಂದಕ್ಕೆ ಉಳಿದುಬಿಟ್ಟಿದ್ದು ಅದನ್ನು ಮುಂದಕ್ಕೆ ತರಬೇಕಿದ್ದರೆ ಅದೂ ಮೂಗಿಗಿಂತ ಮೊದಲು. ಆಮೇಲೆ ಮೂಗು: ನಡುಗಂಬದ ಅಡ್ಡ ಒಂದು ಸಣ್ಣ ಕೊಯ್ತದಿಂದ ಚರ್ಮ ಎತ್ತಿ, ನಡುಗೋಡೆ ನೆಟ್ಟಗೆ ಮಾಡಿ, ಅದರಿಂದಲೇ ಒಂದು ಪಟ್ಟಿ ತೆಗೆದು ಊರುಗೋಲಾಗಿ ನಿಲ್ಲಿಸುತ್ತಾರೆ. ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿ ತರುತ್ತಾರೆ. ಕುಸಿದ ಬದಿಯನ್ನು ಎತ್ತಿ ಇನ್ನೊಂದರ ಮಟ್ಟಕ್ಕೆ ಹೊಲಿಯುತ್ತಾರೆ. ಗಾಯ ಮಾಯುವಾಗ ಹೊಳ್ಳೆಯನ್ನು ಮತ್ತೆ ಒಳಕ್ಕೆ ಎಳೆಯುವುದರಿಂದ ಸಿಲಿಕೋನ್ ನಳಿಕೆಯನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕಾಗುತ್ತದೆ. ಬಾವು ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷವಾದರೂ ಬೇಕು. ಮದುವೆ ನಿಶ್ಚಯವಾದ ಮೇಲೆ ಎರಡು ತಿಂಗಳಲ್ಲಿ ಮುಗಿಸುವ ಕೆಲಸವಲ್ಲ ಇದು.

ಈಗ ಈ ವಯಸ್ಸುಗಳನ್ನು ನಮ್ಮ ಸೀಮೆಯ ಮೇಲೆ ಇಟ್ಟು ನೋಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಎರಡೂ ಇವೆ. ಅದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಹೋಗಬೇಕು. ವಯಸ್ಸಿನ ಮಿತಿ 18. ಹುಡುಗನ ಮೂಗು ಆಪರೇಷನ್ನಿಗೆ ಸಿದ್ಧವಾಗುವ ವರ್ಷ ಮತ್ತು ಕಾರ್ಯಕ್ರಮ ಅವನ ಕೈಬಿಡುವ ವರ್ಷ ಹೆಚ್ಚುಕಡಿಮೆ ಒಂದೇ. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟವನು ಅದಕ್ಕೂ ಮುಂಚೆಯೇ ತಂಡದ ಕಣ್ಣು ತಪ್ಪಿರುತ್ತಾನೆ. ಸುಗ್ಗಿ ಮುಗಿದ ಮೇಲೆ ಕಾಫಿ ಸೀಮೆಗೋ ಮಂಡ್ಯದ ಕಬ್ಬು ಕಡಿಯಲಿಕ್ಕೋ ಬೆಂಗಳೂರಿಗೋ ಗುಳೆ ಹೋಗುವ ತಾಂಡಾ ಮತ್ತು ಹಟ್ಟಿಯ ಮಕ್ಕಳು ತಂಡ ಬಂದ ದಿನ ಊರಲ್ಲಿರುತ್ತಾರೆಂದು ಹೇಳಲಾಗದು. ಹರಪನಹಳ್ಳಿಯದಂತೂ ಬೇರೆಯೇ ಕಥೆ. 2004ರಲ್ಲಿ ಆ ತಾಲ್ಲೂಕಿನಲ್ಲಿ ಹುಟ್ಟಿದ ಹುಡುಗನ ಜಿಲ್ಲೆ ದಾವಣಗೆರೆ. ಅವನಿಗೆ 14 ಆದಾಗ, 2018ರಲ್ಲಿ, ತಾಲ್ಲೂಕು ಬಳ್ಳಾರಿಗೆ ಮರಳಿತು. 17 ಆದಾಗ, 2021ರಲ್ಲಿ, ವಿಜಯನಗರ ಜಿಲ್ಲೆಯಾಯಿತು. ಮನೆ ಕದಲಲಿಲ್ಲ, ಜಿಲ್ಲಾ ಕೇಂದ್ರ ಎರಡು ಸಲ ಬದಲಾಯಿತು. ಇಂಥಲ್ಲಿ ತುಟಿ ಹೊಲಿದಾಗಿನ ಕಾಗದ ಯಾವ ಕಚೇರಿಯ ಯಾವ ಕಪಾಟಿನಲ್ಲಿದೆ ಎಂದು ಹುಡುಕುವ ಬದಲು ಅದನ್ನು ಮನೆಯವರ ಕೈಯಲ್ಲೇ ಇಡಿಸುವುದು ಜಾಣತನ.

ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು ‘ಮೂಗಿಗಿಂತ ಮೂಗುತಿ ಭಾರ’ ಎಂಬ ಧಾಟಿಯದು: ತುಟಿಯೇ ಹೊಲಿಯದ, ಅಂಗುಳವೇ ಮುಚ್ಚದ ಮಕ್ಕಳಿರುವಾಗ ಮೂಗಿಗೆ ವೈದ್ಯರ ಸಮಯ ಕೊಡುವುದು ನ್ಯಾಯವೇ? ಸರದಿಯ ಮಟ್ಟಿಗೆ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಂಗುಳ ಮುಚ್ಚದಿದ್ದರೆ ಮಾತು ಕೆಡುತ್ತದೆ. ಮೂಗಿಗಿಂತ ಮುಂಚೆ ಅದು, ಎರಡು ಮಾತಿಲ್ಲ. ಆದರೆ ಸರದಿಯಲ್ಲಿ ಹಿಂದೆ ನಿಲ್ಲಿಸುವುದಕ್ಕೂ ‘ನಿನ್ನದು ರೋಗವೇ ಅಲ್ಲ’ ಎಂದು ಸರದಿಯಿಂದ ಹೊರಗೆ ಕಳಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಆಕ್ಷೇಪ ಹೆಚ್ಚು ಕಾಡುವಂಥದ್ದು: ತಿದ್ದಬೇಕಾದದ್ದು ಮೂಗನ್ನಲ್ಲ, ನೋಡುವವರ ಕಣ್ಣನ್ನು. ಇದು ನನಗೂ ಇಷ್ಟವಾದ ಮಾತು. ಆದರೆ ಕಣ್ಣು ತಿದ್ದಿದರೆ ಉಬ್ಬಿದ ನಡುಗೋಡೆ ಸರಿಯುವುದಿಲ್ಲ, ಗಾಳಿ ಹೋಗುವುದಿಲ್ಲ. ಸಮಾಜ ತಿದ್ದುವ ಹೊರೆಯನ್ನು ಹದಿನೈದು ವರ್ಷದ ಒಬ್ಬ ಹುಡುಗ ಮುಖದ ಮೇಲೆ ಹೊತ್ತು ತಿರುಗಲಿ ಎಂದು ನಾವು ಹೊರಗೆ ಕೂತು ಹೇಳುವುದೂ ಸರಿಯಲ್ಲ. ಹಾಗೆಂದು, ಉಸಿರು ಸರಿಯಾಗಿದ್ದು, ತನ್ನ ಮೂಗು ತನಗೆ ಸಾಕು ಎನ್ನುವವನನ್ನು ಮನೆಯವರು ಎಳೆದೊಯ್ದು ಮಲಗಿಸುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ತುಟಿ ಹೊಲಿದಾಗ ಕೂಸನ್ನು ಕೇಳಲಾಗಲಿಲ್ಲ. ಈ ಸಲ ಕೇಳಬಹುದು. ಕೇಳುವಾಗ ಸುಳ್ಳು ಆಸೆಯನ್ನೂ ಕೊಡಬಾರದು: ಎರಡು ಹೊಳ್ಳೆ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಆಗುವುದಿಲ್ಲ, ಇನ್ನೊಂದು ಸಲ ಆಪರೇಷನ್ ಬೇಕಾಗಬಹುದು, ಹಳೆಯ ಗಾಯದ ಗಂಟು ತನ್ನ ಹಟ ಬಿಡುವುದಿಲ್ಲ.

ಇದಕ್ಕೆಲ್ಲ ದೊಡ್ಡ ಯೋಜನೆ ಬರುವವರೆಗೆ ಕಾಯಬೇಕಾಗಿಲ್ಲ. ತುಟಿ ಹೊಲಿದ ಮಗುವನ್ನು ಮನೆಗೆ ಕಳಿಸುವ ದಿನ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ತೋರಿಸಲು ಬರಬೇಕಾದ ತಾರೀಖು ಇರುತ್ತದೆ. ಅದರ ಕೆಳಗೆ ಕನ್ನಡದಲ್ಲಿ ಇನ್ನು ಮೂರು ಸಾಲು ಬರೆಯಲು ಜಾಗವಿದೆ: ಇಂಥ ಇಸವಿಯಲ್ಲಿ 8 ತುಂಬುತ್ತದೆ, ವಸಡಿನ ಎಲುಬು ತೋರಿಸಿ. ಇಂಥ ಇಸವಿಯಲ್ಲಿ 16 ತುಂಬುತ್ತದೆ (ಹುಡುಗಿಯಾದರೆ 14), ಮೂಗು ತೋರಿಸಿ. ಬೇಕೋ ಬೇಡವೋ ಎಂದು ಆಗ ಅವನನ್ನೇ, ಅವಳನ್ನೇ ಕೇಳಿ. ಇಸವಿಯನ್ನು ಅಂಕಿಯಲ್ಲೇ ಬರೆದುಕೊಟ್ಟರೆ ಒಳ್ಳೆಯದು. ‘ದೊಡ್ಡವನಾದ ಮೇಲೆ’ ಎಂದು ಬರೆದರೆ ಅದು ಮತ್ತೆ ಮದುವೆಗೇ ಹೋಗಿ ನಿಲ್ಲುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಇಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಆ ಚೀಟಿಯನ್ನೂ ಇಟ್ಟರೆ, ಗುಳೆ ಹೊರಟಾಗ ಅದೂ ಜೊತೆಗೇ ಹೋಗುತ್ತದೆ.